ಸಂದಕ್‌ಫು–ಫಾಲೂಟ್ ಬೆಟ್ಟಸಾಲಿನ ನಡಿಗೆ: ನವೆಂಬರ್ ಯೋಜನೆಗೆ ಸಲಹೆ ಬೇಕು

ಪದ್ಮನಾಭನಗರದಿಂದ

ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೆಯ ವಾರದಲ್ಲಿ ನಾವು ಐದು ಮಂದಿ ಡಾರ್ಜಿಲಿಂಗ್ ಜಿಲ್ಲೆಯ ಸಿಂಗಲೀಲಾ ಬೆಟ್ಟಸಾಲಿಗೆ ಚಾರಣ ಹೋಗಬೇಕೆಂದಿದ್ದೇವೆ. ಭಾರತ–ನೇಪಾಳದ ಗಡಿ ಈ ಸಾಲಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಹವೆ ತಿಳಿಯಾಗಿದ್ದರೆ ಕಾಂಚನಜುಂಗಾ, ಎವರೆಸ್ಟ್, ಲೋತ್ಸೆ, ಮಕಾಲು ನಾಲ್ಕೂ ಕಾಣುತ್ತವೆ ಎಂಬುದೇ ನಮ್ಮನ್ನು ಸೆಳೆದಿರುವುದು. ತಂಡದಲ್ಲಿ ನಾನು, ಕಚೇರಿಯ ಮೂವರು ಸಹೋದ್ಯೋಗಿಗಳು ಮತ್ತು ನನ್ನ ಚಿಕ್ಕಪ್ಪ ಇದ್ದೇವೆ. ಚಿಕ್ಕಪ್ಪನವರಿಗೆ 57 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೂ ಲಾಲ್‌ಬಾಗಿನ ಬೆಳಗಿನ ನಡಿಗೆಯಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕುತ್ತಾರೆ.

ರಜೆ ಉಳಿಸುವ ಉದ್ದೇಶದಿಂದ ನಾವು ಹಾಕಿಕೊಂಡಿರುವ ಲೆಕ್ಕ ಹೀಗಿದೆ. ಶನಿವಾರ ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಮಿರಿಕ್ ಮೂಲಕ ಮಾನೇಭಂಜಾಂಗ್ ತಲುಪಿ ರಾತ್ರಿ ತಂಗುವುದು. ಭಾನುವಾರ ಜೀಪಿನಲ್ಲಿ ನೇರವಾಗಿ ಸಂದಕ್‌ಫು ಏರಿ ಅಲ್ಲೇ ಮಲಗುವುದು. ಸೋಮವಾರ ಫಾಲೂಟ್‌ಗೆ, ಮಂಗಳವಾರ ಗೋರ್ಖೆಗೆ, ಬುಧವಾರ ಶ್ರೀಖೋಲಾಕ್ಕೆ ನಡೆದು ಅಲ್ಲಿಂದ ವಾಹನದಲ್ಲಿ ಸಿಲಿಗುರಿ ಸೇರುವುದು. ಗುರುವಾರ ಮರಳಿ ಬೆಂಗಳೂರು. ನಡಿಗೆಯ ಒಳ್ಳೆಯ ಭಾಗ ಸಂದಕ್‌ಫು ದಾಟಿದ ಮೇಲೆಯೇ ಇರುವುದರಿಂದ, ಅಲ್ಲಿಯವರೆಗಿನ ಮೂವತ್ತು ಚಿಲ್ಲರೆ ಕಿಲೋಮೀಟರ್ ರಸ್ತೆಯನ್ನು ವಾಹನದಲ್ಲಿ ಮುಗಿಸಿದರೆ ನಷ್ಟವೇನಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಯೋಜನೆಯಲ್ಲಿ ಏನಾದರೂ ಕೊರತೆ ಇದ್ದರೆ, ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಮಲ್ಲೇಶ್ವರದ ಹಳೆಯ ಚಾರಣಿಗ

ಜಾಗವನ್ನೂ ತಿಂಗಳನ್ನೂ ಸರಿಯಾಗಿಯೇ ಆರಿಸಿಕೊಂಡಿದ್ದೀರಿ. ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲಕ್ಕಾಗಿ ಮುಚ್ಚಿರುತ್ತದೆ. ಆಮೇಲೆ ಮೋಡ ಸರಿದು, ಹಿಮ ಬೀಳಲು ಇನ್ನೂ ಸಮಯವಿರುವ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಅವಧಿಯಲ್ಲಿ ದೂರದ ಶಿಖರಗಳು ಅತಿ ಸ್ಪಷ್ಟವಾಗಿ ಕಾಣುತ್ತವೆ. ಏಪ್ರಿಲ್‌ನಲ್ಲಿ ಹೋದವರಿಗೆ ಕಾಡಿನ ತುಂಬ ರೋಡೋಡೆಂಡ್ರಾನ್ ಹೂ ಸಿಗುತ್ತದೆ, ಆದರೆ ಮಧ್ಯಾಹ್ನವಾಗುತ್ತಲೇ ಮೋಡ ಕವಿದು ಶಿಖರಗಳು ಮರೆಯಾಗುವುದುಂಟು.

ನನ್ನ ತಕರಾರು ಇರುವುದು ನಿಮ್ಮ ಭಾನುವಾರದ ಬಗ್ಗೆ ಮತ್ತು ನಿಮ್ಮ ಯೋಜನೆಯಲ್ಲಿ ಎಲ್ಲೂ ಕಾಣದ ಒಂದು ವಿಷಯದ ಬಗ್ಗೆ. ಎತ್ತರದ ಮಾತನ್ನು ಬಲ್ಲವರು ಹೇಳಲಿ, ನಾನು ಎರಡನೆಯದನ್ನು ಹೇಳುತ್ತೇನೆ. ಎಲ್ಲಿಂದ ಏರುತ್ತೀರಿ, ಎಲ್ಲಿ ಮಲಗುತ್ತೀರಿ ಎಂಬುದನ್ನು ಬರೆದಿದ್ದೀರಿ. ನಡುವೆ ಯಾರಿಗಾದರೂ ತೊಂದರೆಯಾದರೆ ಎಲ್ಲಿಂದ ಇಳಿಯುತ್ತೀರಿ ಎಂಬುದನ್ನು ಬರೆದಿಲ್ಲ. ಒಂಟಿ ಬೆಟ್ಟವಾದರೆ ಹತ್ತಿದ ದಾರಿಯಲ್ಲೇ ಇಳಿದರೆ ಕೆಲಸ ಮುಗಿಯಿತು. ಬೆಟ್ಟಸಾಲಿನ ನೆತ್ತಿ ಹಾಗಲ್ಲ. ಅಲ್ಲಿ ಮುಂದಕ್ಕೆ ಹೋದರೂ ಹಿಂದಕ್ಕೆ ಬಂದರೂ ಎತ್ತರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಗಾಳಿಗೆ ಮರೆ ಇರುವುದಿಲ್ಲ, ನೀರಿನ ಒರತೆಗಳೆಲ್ಲ ಕೆಳಗಿನ ಕಣಿವೆಗಳಲ್ಲಿರುತ್ತವೆ, ಪಕ್ಕಕ್ಕೆ ಇಳಿಯುವ ಕಾಲುದಾರಿಗಳು ಕೆಲವೇ ಕಡೆ ಇರುತ್ತವೆ. ಹೀಗಾಗಿ ಇಂಥ ನೆತ್ತಿಯ (ರಿಡ್ಜ್) ಚಾರಣದ ಯೋಜನೆಯನ್ನು ಇಳಿಯುವ ದಾರಿಗಳಿಂದ ಶುರುಮಾಡಿ, ಶಿಖರಗಳನ್ನು ಆಮೇಲೆ ಸೇರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಚಾರಣಿಗರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯ ಬೀಳಬಾರದು. 2024ರ ಜೂನ್ ಆರಂಭದಲ್ಲಿ ಉತ್ತರಕಾಶಿಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿಕೊಂಡಾಗ ಒಂಬತ್ತು ಮಂದಿ ತೀರಿಕೊಂಡರು. ಅದು 4,000 ಮೀಟರಿಗೂ ಮೀರಿದ, ಮರವಿಲ್ಲದ ಎತ್ತರ. ಸಂದಕ್‌ಫು ಅಷ್ಟು ಕಠಿಣವಲ್ಲ, ದಾರಿಯುದ್ದಕ್ಕೂ ವಸತಿ ಇದೆ. ಆದರೆ ಬಯಲು ನೆತ್ತಿಯ ಮೇಲೆ ಹವೆ ಕೆಟ್ಟಾಗ ದಾರಿ ಕಾಣದಂತಾಗುವುದು ಎರಡೂ ಕಡೆ ಒಂದೇ.

ರಾಜಾಜಿನಗರದ ವೈದ್ಯೆ

ಎತ್ತರದ ವಿಷಯವನ್ನು ನಾನು ಹೇಳುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 90ರಷ್ಟು. 3,636 ಮೀಟರ್ ಎತ್ತರದ ಸಂದಕ್‌ಫುವಿನಲ್ಲಿ ಅದು ಶೇ. 64ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗದಿದ್ದರೂ, ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಜೀಪು ಏರಲು ಕೆಲವು ತಾಸುಗಳು ಸಾಕು. ತೊಂದರೆ ಹುಟ್ಟುವುದು ಈ ಅಂತರದಲ್ಲಿ.

ಪರ್ವತ ವೈದ್ಯಕೀಯದಲ್ಲಿ ಎಲ್ಲೆಡೆ ಬಳಸುವ ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿಯ ಮಾರ್ಗಸೂಚಿ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುತ್ತದೆ. ತಗ್ಗಿನಿಂದ ಒಂದೇ ದಿನದಲ್ಲಿ 3,500 ಮೀಟರ್ ಮೀರಿ ಏರುವವರನ್ನು ಅದು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸುತ್ತದೆ. ನೀವು ಮಾನೇಭಂಜಾಂಗ್‌ನಲ್ಲಿ ಒಂದು ರಾತ್ರಿ ತಂಗಿದರೂ, ಅಲ್ಲಿಂದ ಸಂದಕ್‌ಫುವಿಗೆ ಒಂದೇ ನೆಗೆತದಲ್ಲಿ ಸುಮಾರು 1,500 ಮೀಟರ್ ಏರುತ್ತೀರಿ. ಮರುದಿನ ಇಡೀ ಚಾರಣದ ಅತಿ ಉದ್ದದ ನಡಿಗೆ ಇದೆ, ಆ ರಾತ್ರಿಯೂ 3,600 ಮೀಟರಿನಲ್ಲೇ ಮಲಗಬೇಕು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಏರಿದ ಆರರಿಂದ ಹನ್ನೆರಡು ತಾಸಿನ ಮೇಲೆ. ಅಂದರೆ ನೀವು ಫಾಲೂಟ್ ಕಡೆಗೆ ಹೊರಡಲು ಬೂಟು ಕಟ್ಟುವ ಹೊತ್ತಿಗೆ.

ಚಿಕ್ಕಪ್ಪನವರ ಬಗ್ಗೆ ಎರಡು ಮಾತು. ಹತೋಟಿಯಲ್ಲಿರುವ ರಕ್ತದೊತ್ತಡ ಈ ಎತ್ತರಕ್ಕೆ ಅಡ್ಡಿಯಲ್ಲ, ಆದರೆ ಮೊದಲ ಕೆಲವು ದಿನ ಒತ್ತಡ ಸ್ವಲ್ಪ ಏರಬಹುದು. ಅವರು ನೋಡಿಸಿಕೊಳ್ಳುವ ವೈದ್ಯರ ಬಳಿ ಹೋಗಿ, ಎಷ್ಟು ಎತ್ತರ, ಎಷ್ಟು ದಿನ ಎಂಬುದನ್ನು ಬಿಡಿಸಿ ಹೇಳಬೇಕು. ಮಾತ್ರೆಗಳನ್ನು ಚಾರಣದ ಉದ್ದಕ್ಕೂ ಬಿಡದೆ ತೆಗೆದುಕೊಳ್ಳಬೇಕು. ಎತ್ತರದ ಕಾಯಿಲೆ ಬಾರದಂತೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಗಳಿಗೆ ಅಲರ್ಜಿ ಇರುವವರೂ ಮೂತ್ರವರ್ಧಕ ತೆಗೆದುಕೊಳ್ಳುವವರೂ ಇದನ್ನು ವೈದ್ಯರಿಗೆ ತಿಳಿಸದೆ ಮುಟ್ಟಬಾರದು. ಲಾಲ್‌ಬಾಗಿನಲ್ಲಿ ಯಾರು ಮುಂದೆ ನಡೆಯುತ್ತಾರೆ ಎಂಬುದಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ಗಟ್ಟಿಮುಟ್ಟಾದ ಯುವಕರು ವೇಗವಾಗಿ ಏರಿ ಬೇಗ ಹಾಸಿಗೆ ಹಿಡಿಯುವುದು ಸಾಮಾನ್ಯ ದೃಶ್ಯ.

ವೈಟ್‌ಫೀಲ್ಡ್ ನಿವಾಸಿ

ವೈದ್ಯರ ಮಾತನ್ನು ಗೌರವಿಸುತ್ತೇನೆ, ಆದರೂ ಇನ್ನೊಂದು ಬದಿಯನ್ನು ಹೇಳಬೇಕೆನಿಸಿತು. ಋತುವಿನಲ್ಲಿ ಪ್ರತಿದಿನ ಎಷ್ಟೋ ಕುಟುಂಬಗಳು, ಮಕ್ಕಳು ಹಿರಿಯರೆನ್ನದೆ, ಮಾನೇಭಂಜಾಂಗ್‌ನಿಂದ ವಾಹನದಲ್ಲಿ ಸಂದಕ್‌ಫುವಿಗೆ ಹೋಗಿ ಒಂದು ರಾತ್ರಿ ತಂಗಿ ಬರುತ್ತವೆ. ದಶಕಗಳಿಂದ ಹಳೆಯ ಲ್ಯಾಂಡ್ ರೋವರ್‌ಗಳು ಆ ದಾರಿಯಲ್ಲಿ ಓಡಿವೆ. ನಾವು ಹಾಗೆಯೇ ಹೋಗಿದ್ದೆವು, ಯಾರಿಗೂ ಏನೂ ಆಗಲಿಲ್ಲ. ಅಲ್ಲದೆ ತುಮ್ಲಿಂಗ್‌ವರೆಗಿನ ರಸ್ತೆ ಈಗ ಗಟ್ಟಿಯಾಗಿದ್ದು, ಹಾರ್ನ್ ಮಾಡುವ ವಾಹನಗಳಿಗೆ ದಾರಿ ಬಿಡುತ್ತಾ ನಡೆಯುವುದರಲ್ಲಿ ಚಾರಣದ ಸುಖವೇನೂ ಇಲ್ಲ. ರಜೆ ಸಿಗುವುದೇ ಕಷ್ಟವಾಗಿರುವ ನಮ್ಮ ಊರಿನಲ್ಲಿ ಎಲ್ಲರಿಗೂ ಒಂಬತ್ತು ದಿನದ ಯೋಜನೆ ಹೇಳಿದರೆ ಅರ್ಧ ಜನ ಮನೆಯಲ್ಲೇ ಉಳಿಯುತ್ತಾರೆ.

ರಾಜಾಜಿನಗರದ ವೈದ್ಯೆ

ನೀವು ಹೇಳಿದ ಕುಟುಂಬಗಳಿಗೂ ಇವರ ತಂಡಕ್ಕೂ ಒಂದು ವ್ಯತ್ಯಾಸವಿದೆ. ಆ ಕುಟುಂಬಗಳು ಬೆಳಿಗ್ಗೆ ಎದ್ದು ಕಾಂಚನಜುಂಗಾ ನೋಡಿ, ಬಂದ ವಾಹನದಲ್ಲೇ ಇಳಿದುಬಿಡುತ್ತವೆ. ತಲೆನೋವು ಬಂದವರಿಗೂ ಮಧ್ಯಾಹ್ನದೊಳಗೆ 1,500 ಮೀಟರ್ ಕೆಳಗೆ ಬಂದು ಚೇತರಿಕೆಯಾಗುತ್ತದೆ. ಎತ್ತರದ ಕಾಯಿಲೆಗೆ ಅತ್ಯುತ್ತಮ ಔಷಧಿ ಇಳಿಯುವುದೇ, ಅವರಿಗೆ ಅದು ತಾನಾಗಿಯೇ ಸಿಗುತ್ತಿದೆ. ಪದ್ಮನಾಭನಗರದವರ ಯೋಜನೆಯಲ್ಲಿ ಮರುದಿನ ಇಳಿಯುವುದಿಲ್ಲ. ಹೊರೆ ಹೊತ್ತು 21 ಕಿ.ಮೀ. ನಡೆದು, ಇನ್ನೂ ದೂರದ ಜಾಗಕ್ಕೆ ಹೋಗುತ್ತಾರೆ. ಬಹುಪಾಲು ಜನರಿಗೆ ಏನೂ ಆಗದಿರಬಹುದು. ಆದರೆ ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಷ್ಟು ತೂರಾಟ, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಆ ವ್ಯಕ್ತಿಯನ್ನು ಆಗಲೇ, ರಾತ್ರಿಯಾದರೂ, ಜೊತೆಗೊಬ್ಬರನ್ನು ಕಳುಹಿಸಿ ಇಳಿಸಬೇಕಾಗುತ್ತದೆ. ಫಾಲೂಟ್‌ನಲ್ಲಿ ಅದು ಎಷ್ಟು ಸುಲಭ ಎಂಬುದನ್ನು ಯೋಚಿಸಿ.

ಯಲಹಂಕದ ಭೂಪಟಪ್ರಿಯ

ಜೀಪಿನ ವಾದವನ್ನು ಪಕ್ಕಕ್ಕಿಟ್ಟು, ಸಂದಕ್‌ಫು–ಫಾಲೂಟ್ ದಿನವೊಂದನ್ನೇ ಲೆಕ್ಕ ಹಾಕಿ ನೋಡೋಣ. ಈ ಚಾರಣದ ಹೃದಯವೂ ಅದೇ, ಅಪಾಯವೂ ಅಲ್ಲೇ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ತಾಸು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಸಂದಕ್‌ಫುವಿನಿಂದ ಫಾಲೂಟ್‌ಗೆ 21 ಕಿ.ಮೀ. ಎರಡೂ ತುದಿಗಳ ಎತ್ತರ ಸಮವಾಗಿ ಕಂಡರೂ ನಡುವೆ ಇಳಿದು ಏರುವುದಿದೆ. ಆ ಏರುಗಳೆಲ್ಲ ಕೂಡಿ 600 ಮೀಟರ್ ಎಂದು ಹಿಡಿದರೆ, ಸೂತ್ರದ ಪ್ರಕಾರ ಐದೂಕಾಲು ತಾಸು. ಸೂತ್ರ ಹೇಳುವುದು ಗಟ್ಟಿಗರ ನಿಲ್ಲದ ನಡಿಗೆಯನ್ನು. ಎತ್ತರ, ಬೆನ್ನಿನ ಹೊರೆ, ಊಟ, ಚಿತ್ರ ತೆಗೆಯುವುದು ಎಲ್ಲಕ್ಕೂ ಅರ್ಧದಷ್ಟು ಸೇರಿಸಿದರೆ ಎಂಟು ತಾಸು.

ಇನ್ನು ಬೆಳಕು. ಆ ಸಾಲು 88 ಡಿಗ್ರಿ ರೇಖಾಂಶದ ಬಳಿ ಇದೆ, ನಮ್ಮ ಊರು 77.6ರಲ್ಲಿದೆ. ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಅಲ್ಲ. ಜೊತೆಗೆ ಚಳಿಗಾಲದಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಕಿರಿದು. ನವೆಂಬರ್ ಮಧ್ಯದಲ್ಲಿ ಬೆಂಗಳೂರಿನಲ್ಲಿ 5:50ರ ಸುಮಾರಿಗೆ ಸೂರ್ಯ ಮುಳುಗಿದರೆ, ಅಲ್ಲಿ 4:45ಕ್ಕೇ ಮುಳುಗುತ್ತಾನೆ. ಸಂಜೆ ಆರರವರೆಗೆ ನಡೆಯಬಹುದು ಎಂಬ ನಮ್ಮ ದಕ್ಷಿಣದ ಅಭ್ಯಾಸ ಅಲ್ಲಿ ಕತ್ತಲೆಗೆ ತಳ್ಳುತ್ತದೆ. ಬೆಳಿಗ್ಗೆ 6:30ಕ್ಕೆ ಹೊರಟರೆ ಮಧ್ಯಾಹ್ನ 2:30ಕ್ಕೆ ಫಾಲೂಟ್, ಕೈಯಲ್ಲಿ ಎರಡು ತಾಸಿನ ಮಿಗುತಾಯ. ತಿಂಡಿ ತಿಂದು ಎಂಟೂವರೆಗೆ ಹೊರಟರೆ ಮಿಗುತಾಯ ಸೊನ್ನೆ.

ಮಲ್ಲೇಶ್ವರದವರು ಕೇಳಿದ ಇಳಿಯುವ ದಾರಿಗಳನ್ನು ಈ ದಿನಕ್ಕೆ ಹೊಂದಿಸಿ ಹೇಳುತ್ತೇನೆ. ಸಂದಕ್‌ಫುವಿನಿಂದ ಗುರ್ದುಮ್ ಮೂಲಕ ಶ್ರೀಖೋಲಾಕ್ಕೆ ಕಾಡಿನ ನಡುವೆ ಕಡಿದಾದ ಕಾಲುದಾರಿ ಇದೆ, ಒಂದು ದಿನದಲ್ಲಿ ಇಳಿಯಬಹುದು. ಜೊತೆಗೆ ವಾಹನ ಬರುವ ರಸ್ತೆಯೂ ಇರುವುದರಿಂದ, ಇಡೀ ನೆತ್ತಿಯ ಮೇಲೆ ತೀರ್ಮಾನ ಕೈಗೊಳ್ಳಲು ಅತಿ ಸೂಕ್ತ ಜಾಗ ಸಂದಕ್‌ಫುವೇ. ಅಲ್ಲಿಂದ 14 ಕಿ.ಮೀ. ದೂರದಲ್ಲಿ ಸಬರ್‌ಗ್ರಾಮ್, ಅಲ್ಲಿಂದ ಪಕ್ಕಕ್ಕೆ ಮೋಲೆ ಎಂಬ ಜಾಗಕ್ಕೆ ದಾರಿ ಇಳಿಯುತ್ತದೆ. ಉಳಿದ 7 ಕಿ.ಮೀ. ನಡೆದರೆ ಫಾಲೂಟ್, ಅಲ್ಲಿಂದ ಗೋರ್ಖೆಗೆ 15 ಕಿ.ಮೀ. ಇಳಿಜಾರಿನ ಕಾಲುದಾರಿ. ಈ ಅಂತರಗಳನ್ನು ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ. ಸಬರ್‌ಗ್ರಾಮ್ ತಲುಪಿದ ಮೇಲೆ ‘ಹಿಂದಕ್ಕೆ ಹೋಗೋಣವೇ’ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ, ಹಿಂದಕ್ಕೆ 14, ಮುಂದಕ್ಕೆ 7. ಆದ್ದರಿಂದ ಸಂದಕ್‌ಫುವಿಗೆ ಮರಳುವ ತೀರ್ಮಾನ ಏನಿದ್ದರೂ ಮೊದಲ 7 ಕಿ.ಮೀ. ಒಳಗೇ ಆಗಬೇಕು, ಹತ್ತು ಗಂಟೆಯೊಳಗೆ ಆಗಬೇಕು. ಮಧ್ಯಾಹ್ನ ಒಂದಾದರೂ ಸಬರ್‌ಗ್ರಾಮ್ ಬಾರದಿದ್ದರೆ ಆ ದಿನ ಫಾಲೂಟ್ ಆಸೆ ಬಿಟ್ಟು ಮೋಲೆಗೆ ಇಳಿಯುವುದು ಲೇಸು. ಅಲ್ಲಿ ತಂಗುವ ವ್ಯವಸ್ಥೆಯನ್ನು ಮಾರ್ಗದರ್ಶಕರ ಜೊತೆ ಮೊದಲೇ ಮಾತನಾಡಿಟ್ಟುಕೊಳ್ಳಿ. ಇವೆಲ್ಲವನ್ನೂ ಊರಿನಲ್ಲೇ ಕೂತು ಕಾಗದದ ಮೇಲೆ ಬರೆದುಕೊಂಡು ಹೋಗಬೇಕು. ಸುಸ್ತಾದ ಐದು ಮಂದಿ ಗಾಳಿಯಲ್ಲಿ ನಿಂತು ನಡೆಸುವ ಚರ್ಚೆಯಲ್ಲಿ ಯಾವಾಗಲೂ ‘ಇನ್ನು ಸ್ವಲ್ಪವೇ ತಾನೇ’ ಎಂಬುದೇ ಗೆಲ್ಲುತ್ತದೆ.

ನೀರು: ಆ ದಿನ ಪ್ರತಿಯೊಬ್ಬರೂ ಮೂರು ಲೀಟರ್ ಹೊತ್ತೇ ಹೊರಡಿ. ನಡುವೆ ಅಂಗಡಿಯನ್ನಾಗಲಿ ಹೋಟೆಲನ್ನಾಗಲಿ ನೆಚ್ಚಿಕೊಳ್ಳಬೇಡಿ. ಬುತ್ತಿಯನ್ನು ಸಂದಕ್‌ಫುವಿನಲ್ಲೇ ಕಟ್ಟಿಸಿಕೊಳ್ಳಿ.

ವಿಜಯನಗರ, ಊರು ಚಿಕ್ಕಮಗಳೂರು

ಯಲಹಂಕದವರ ಲೆಕ್ಕ ನೋಡಿ ಸಂತೋಷವಾಯಿತು. ನನ್ನದು ತಯಾರಿಯ ಬಗ್ಗೆ ಮಾತ್ರ. ತಂಡದಲ್ಲಿ ಯಾರೂ ಸತತ ಎಂಟು ತಾಸು ಹೊರೆ ಹೊತ್ತು ನಡೆದಿಲ್ಲವೆಂದಾದರೆ, ಮೊದಲ ಬಾರಿಗೆ ಅದನ್ನು 3,600 ಮೀಟರಿನಲ್ಲಿ ಪ್ರಯೋಗಿಸಬೇಡಿ. ನಂದಿ, ಸ್ಕಂದಗಿರಿ, ಸಾವನದುರ್ಗಗಳು ಬೆಳಗಿನ ವ್ಯಾಯಾಮಕ್ಕೆ ಸಾಕು, ಇದಕ್ಕೆ ಸಾಲವು. ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಏರಿದರೆ 1,712 ಮೀಟರಿನ ಶಿಖರಕ್ಕೆ 1,500 ಮೀಟರಿಗೂ ಹೆಚ್ಚು ಏರು ಸಿಗುತ್ತದೆ, ಸಂದಕ್‌ಫು ಚಾರಣದ ಯಾವ ಒಂದು ದಿನದಲ್ಲೂ ಅಷ್ಟು ಏರು ಇಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಆದ ಜನಜಂಗುಳಿಯ ನಂತರ ಅರಣ್ಯ ಇಲಾಖೆ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸುವ ಪದ್ಧತಿ ತಂದಿದೆ, ಆದ್ದರಿಂದ ಅಕ್ಟೋಬರಿನ ದಿನಾಂಕವನ್ನು ಈಗಲೇ ನೋಡಿಕೊಳ್ಳಿ. ಜಿಗಣೆಗಳು ಇನ್ನೂ ಇರುತ್ತವೆ, ಅದಕ್ಕೆ ಸಿದ್ಧರಾಗಿ ಹೋಗಿ.

ನೆತ್ತಿಯ ಮೇಲಿನ ಗಾಳಿ ಹೇಗಿರುತ್ತದೆ ಎಂಬ ಅನುಭವ ಬೇಕಿದ್ದರೆ ನಮ್ಮ ಕಡೆ ಬನ್ನಿ. ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿ ಕಡೆಗೆ ಬಾಗಿಕೊಂಡು ಹೋಗುವ ಸಾಲು, ಎರಡೂ ಬದಿಗೆ ಇಳಿಜಾರು, ಮೇಲೆ ಬರಿಯ ಹುಲ್ಲು. ರಸ್ತೆ ಬಂದು ಜನ ಹೆಚ್ಚಾಗಿರುವುದು ನಿಜ, ಆದರೂ ಮಂಜು ಕವಿದಾಗ ಹತ್ತು ಮಾರು ಮುಂದಿನವರು ಕಾಣದಿರುವುದು ಎಂದರೇನು ಎಂಬುದನ್ನು ಅಲ್ಲಿ ಕಡಿಮೆ ಖರ್ಚಿನಲ್ಲಿ ತಿಳಿಯಬಹುದು. ಅನುಮತಿ ಇರುವ ದಾರಿಯಲ್ಲೇ ನಡೆಯಿರಿ. ಆದರೆ ವೈದ್ಯರ ಮಾತಿಗೆ ಇದು ಬದಲಿಯಲ್ಲ: ಸಹ್ಯಾದ್ರಿ ಕಾಲನ್ನು ಪಳಗಿಸುತ್ತದೆಯೇ ಹೊರತು, ಎತ್ತರಕ್ಕೆ ರಕ್ತವನ್ನು ಪಳಗಿಸುವಷ್ಟು ಎತ್ತರ ನಮ್ಮ ರಾಜ್ಯದಲ್ಲಿ ಎಲ್ಲೂ ಇಲ್ಲ.

ಪದ್ಮನಾಭನಗರದಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಾವು ಕೂತು ಲೆಕ್ಕ ಮತ್ತೆ ಹಾಕಿದೆವು. ಶನಿವಾರ ಮಾನೇಭಂಜಾಂಗ್. ಭಾನುವಾರ 11 ಕಿ.ಮೀ. ನಡೆದು ತುಮ್ಲಿಂಗ್, ಸುಮಾರು 2,900 ಮೀಟರ್. ಸೋಮವಾರ ಗೈರಿಬಾಸ್‌ಗೆ ಇಳಿದು ಮತ್ತೆ ಏರಿ ಕಾಲಿಪೋಖ್ರಿ, ಸುಮಾರು 3,100 ಮೀಟರ್. ಮಂಗಳವಾರ ಬಿಖೇಭಂಜಾಂಗ್ ಮೂಲಕ ಕೇವಲ 6 ಕಿ.ಮೀ. ಏರಿ ಮಧ್ಯಾಹ್ನದೊಳಗೆ ಸಂದಕ್‌ಫು, ಉಳಿದ ಅರ್ಧ ದಿನ ವಿಶ್ರಾಂತಿ. ಬುಧವಾರ ಫಾಲೂಟ್, ಗುರುವಾರ ಗೋರ್ಖೆ, ಶುಕ್ರವಾರ ಶ್ರೀಖೋಲಾ ದಾಟಿ ಸೇಪಿ. ಶನಿವಾರ ಸಿಲಿಗುರಿ, ಭಾನುವಾರ ವಿಮಾನ. ಹಿಂದಿನ ಯೋಜನೆಗೆ ನಾಲ್ಕು ದಿನ ರಜೆ ಬೇಕಿತ್ತು, ಇದಕ್ಕೆ ಐದು. ಒಂದೇ ದಿನದ ರಜೆಯ ವಿಷಯ ಎಂದು ಗೊತ್ತಾದ ಮೇಲೆ ಸಹೋದ್ಯೋಗಿಗಳು ತಕರಾರಿಲ್ಲದೆ ಒಪ್ಪಿದರು.

ಉಳಿದ ಪ್ರಶ್ನೆಗಳು ಮೂರು. ಮಾರ್ಗದರ್ಶಕರನ್ನು ಇಲ್ಲಿಂದಲೇ ಗೊತ್ತುಮಾಡಬೇಕೇ? ಡೇರೆ, ಸ್ಟೌ ಒಯ್ಯಬೇಕೇ? ಚಳಿಗೆ ಎಷ್ಟು ಬಟ್ಟೆ ಬೇಕು?

ಮಲ್ಲೇಶ್ವರದ ಹಳೆಯ ಚಾರಣಿಗ

ಈ ಯೋಜನೆ ನನಗೆ ಒಪ್ಪಿಗೆ. ಮಾರ್ಗದರ್ಶಕರು ಉದ್ಯಾನದೊಳಗೆ ಕಡ್ಡಾಯ, ಅವರನ್ನು ಮಾನೇಭಂಜಾಂಗ್‌ನಲ್ಲಿರುವ ಸ್ಥಳೀಯ ಮಾರ್ಗದರ್ಶಕರ ಸಂಘದ ಕಚೇರಿಯಲ್ಲೇ ಗೊತ್ತುಮಾಡಿಕೊಳ್ಳಬಹುದು. ಆದರೆ ನವೆಂಬರ್ ಜನದಟ್ಟಣೆಯ ತಿಂಗಳಾದ್ದರಿಂದ ಮೊದಲೇ ಫೋನಿನಲ್ಲಿ ಮಾತನಾಡಿ, ಆ ಋತುವಿನ ಶುಲ್ಕ, ಪ್ರವೇಶ ನಿಯಮಗಳನ್ನೂ ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಐದು ಮಂದಿಗೆ ಒಬ್ಬರು ಸಾಕು ಎನ್ನುತ್ತಾರೆ; ಚಿಕ್ಕಪ್ಪನವರು ಇರುವುದರಿಂದ ಜೊತೆಗೆ ಒಬ್ಬ ಹೊರೆಯಾಳನ್ನೂ ಇಟ್ಟುಕೊಳ್ಳುವುದು ನನ್ನ ಸಲಹೆ. ಹೊರೆ ಹಗುರಾಗುವುದು ಒಂದು ಲಾಭ. ಯಾರಾದರೂ ಇಳಿಯಬೇಕಾಗಿ ಬಂದರೆ ಒಬ್ಬರು ಅವರೊಡನೆ ಇಳಿದು, ಇನ್ನೊಬ್ಬರು ಉಳಿದವರೊಡನೆ ಇರಬಹುದು, ಅದು ದೊಡ್ಡ ಲಾಭ. ಒಬ್ಬನೇ ಮಾರ್ಗದರ್ಶಕನಿರುವ ತಂಡದಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಎಲ್ಲರೂ ಇಳಿಯಬೇಕು, ಇಲ್ಲವೇ ಆ ಒಬ್ಬರು ಹೇಳಿಕೊಳ್ಳದೆ ಸಹಿಸಿಕೊಳ್ಳುತ್ತಾರೆ. ನಮ್ಮ ಹಿರಿಯರು ಎರಡನೆಯದನ್ನೇ ಮಾಡುತ್ತಾರೆ ಎಂಬುದು ನಿಮಗೂ ಗೊತ್ತು.

ಗುರುತಿನ ಚೀಟಿಯ ವಿಷಯ ಮರೆಯಬೇಡಿ. ತುಮ್ಲಿಂಗ್ ನೇಪಾಳದ ನೆಲದಲ್ಲಿದೆ, ದಾರಿ ಹಲವು ಬಾರಿ ಗಡಿಯ ಅತ್ತಿತ್ತ ಹೋಗುತ್ತದೆ, ಸಶಸ್ತ್ರ ಸೀಮಾ ಬಲದ ಠಾಣೆಗಳಲ್ಲಿ ಹೆಸರು ಬರೆಸಬೇಕು. ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಮೂಲಪ್ರತಿ ಇರಲಿ, ಆಧಾರ್ ಒಂದನ್ನೇ ನಂಬಿ ಹೋಗಬೇಡಿ.

ಯಲಹಂಕದ ಭೂಪಟಪ್ರಿಯ

ಒಂದು ಸಣ್ಣ ಭಿನ್ನಾಭಿಪ್ರಾಯ. ಮೊದಲ ದಿನದ ರಸ್ತೆ ನಡಿಗೆ ಬೇಸರ ಎಂಬ ವೈಟ್‌ಫೀಲ್ಡ್‌ನವರ ಮಾತಿನಲ್ಲಿ ನಿಜವಿದೆ. ಅದಕ್ಕೆ ಪರಿಹಾರ ಜೀಪಲ್ಲ, ಧೋತ್ರೆ. ಮಾನೇಭಂಜಾಂಗ್‌ನಿಂದ ವಾಹನದಲ್ಲಿ ಧೋತ್ರೆ ಹಳ್ಳಿಗೆ ಹೋಗಿ, ಅಲ್ಲಿಂದ ಕಾಡಿನ ಕಾಲುದಾರಿಯಲ್ಲಿ 6 ಕಿ.ಮೀ. ಏರಿದರೆ ಟೋಂಗ್ಲು, ಅಲ್ಲಿಂದ ಕೂಗಳತೆಯಲ್ಲಿ ತುಮ್ಲಿಂಗ್. ರಾತ್ರಿ ಮಲಗುವ ಎತ್ತರ ಅಷ್ಟೇ ಇರುತ್ತದೆ, ವಾಹನದ ಹೊಗೆ ಇರುವುದಿಲ್ಲ.

ಮಲ್ಲೇಶ್ವರದ ಹಳೆಯ ಚಾರಣಿಗ

ಧೋತ್ರೆಯ ಕಾಡು ಸುಂದರ, ಒಪ್ಪುತ್ತೇನೆ. ಆದರೂ ಮೊದಲ ಸಲ ಹೋಗುವ ತಂಡ ಮಾನೇಭಂಜಾಂಗ್‌ನಿಂದಲೇ ನಡೆಯಲಿ ಎನ್ನುತ್ತೇನೆ. ಹಗುರಾದ ರಸ್ತೆಯ ಮೇಲೆ ಬೂಟು ಕಚ್ಚುತ್ತಿದೆಯೇ, ಚೀಲದ ಪಟ್ಟಿ ಒತ್ತುತ್ತಿದೆಯೇ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ, ಗೊತ್ತಾದರೆ ಹಿಂದಕ್ಕೆ ಕಳುಹಿಸಲು ವಾಹನವೂ ಸಿಗುತ್ತದೆ. ಇದು ಅವರವರ ರುಚಿಗೆ ಬಿಟ್ಟದ್ದು.

ಬನಶಂಕರಿಯಿಂದ

ಸಾಮಾನಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಡೇರೆ ಬೇಡ, ಸ್ಟೌ ಬೇಡ. ಪ್ರತಿ ತಂಗುದಾಣದಲ್ಲೂ ಹಾಸಿಗೆ, ಹೊದಿಕೆ, ಬಿಸಿ ಊಟ ಸಿಗುತ್ತದೆ. ಫಾಲೂಟ್‌ನಲ್ಲಿ ಮಾತ್ರ ತಂಗುವ ಜಾಗ ಕಡಿಮೆ, ಅದನ್ನು ಎಲ್ಲಕ್ಕಿಂತ ಮೊದಲು ಕಾಯ್ದಿರಿಸಿ. ಸ್ಟೌ ಒಯ್ಯುವ ಆಸೆ ಇದ್ದರೂ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಎಲ್ಲೂ ಇಡುವಂತಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಊರುಗೋಲುಗಳು ಚೆಕ್ ಇನ್ ಸಾಮಾನಿನಲ್ಲಿರಬೇಕು. ಕೆಂಪೇಗೌಡ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಇದನ್ನು ಅದಲು ಬದಲು ಮಾಡಿಕೊಂಡು ಪರದಾಡುವವರು ಯಾವಾಗಲೂ ಇದ್ದೇ ಇರುತ್ತಾರೆ.

ಚಳಿಯ ಲೆಕ್ಕ ಹೀಗೆ ಹಾಕಿ. ಪ್ರತಿ 1,000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಕಡಿಮೆಯಾಗುವುದರಿಂದ ಬಾಗ್ಡೋಗ್ರಾಕ್ಕಿಂತ ಸಂದಕ್‌ಫು 22–23 ಡಿಗ್ರಿ ತಣ್ಣಗಿರುತ್ತದೆ. ನವೆಂಬರ್ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವುದು ವಿಶೇಷವಲ್ಲ, ಅದರ ಮೇಲೆ ಗಾಳಿ ಬೇರೆ. ಒಂದೇ ದಪ್ಪ ಜಾಕೆಟ್ಟಿಗಿಂತ ಪದರುಗಳು ಉತ್ತಮ: ಮೈಗೆ ತಾಗುವಂತೆ ಉಣ್ಣೆ ಅಥವಾ ಸಿಂಥೆಟಿಕ್ ಬನಿಯನ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ನೀರು ತಡೆಯುವ ಹೊದಿಕೆ, ನಿಂತಾಗ ಹಾಕಿಕೊಳ್ಳಲು ತುಪ್ಪಳದ ಜಾಕೆಟ್. ಹತ್ತಿಯ ಟೀ ಶರ್ಟ್ ಮತ್ತು ಜೀನ್ಸ್ ಮನೆಯಲ್ಲೇ ಇರಲಿ. ಬೆವರಿನಲ್ಲಿ ತೊಯ್ದ ಹತ್ತಿ ಒಣಗುವುದಿಲ್ಲ, ನೆತ್ತಿಯ ಗಾಳಿಗೆ ಅದು ಮೈಶಾಖವನ್ನು ಹೀರಿಬಿಡುತ್ತದೆ. ಹಿಮ ಬೀಳದೆಯೂ, ಬರಿಯ ಮಳೆ ಗಾಳಿಗೇ ಮೈ ತಣ್ಣಗಾಗಿ ಜೀವಕ್ಕೆ ಕುತ್ತು ಬರಬಹುದು. ಎರಡು ಜೊತೆ ಕೈಗವಸು ಇರಲಿ, ಒಂದನ್ನು ಗಾಳಿ ಒಯ್ಯುತ್ತದೆ. ತಲೆದೀಪ ಪ್ರತಿಯೊಬ್ಬರಿಗೂ ಒಂದೊಂದು, ಮೊಬೈಲಿನ ಬೆಳಕು ಲೆಕ್ಕಕ್ಕಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಅವನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ.

ರಾಜಾಜಿನಗರದ ವೈದ್ಯೆ

ಹೊಸ ಯೋಜನೆಯಲ್ಲಿ ಕಾಲಿಪೋಖ್ರಿಯಿಂದ ಸಂದಕ್‌ಫುವಿಗೆ ಮಲಗುವ ಎತ್ತರ ಹೆಚ್ಚು ಕಡಿಮೆ 500 ಮೀಟರ್ ಏರುತ್ತದೆ, ಮಾರ್ಗಸೂಚಿಯ ಅಂಚಿನಲ್ಲಿದೆ, ನಡೆಯುತ್ತದೆ. ಮಂಗಳವಾರ ಸಂಜೆ ಎಲ್ಲರೂ ಕೂತು ಒಬ್ಬೊಬ್ಬರಾಗಿ ತಲೆನೋವು, ಊಟ, ನಿದ್ದೆಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುವ ಪದ್ಧತಿ ಇಟ್ಟುಕೊಳ್ಳಿ. ಬುಧವಾರ ಬೆಳಿಗ್ಗೆ ಹೊರಡುವ ಮುನ್ನ ಇನ್ನೊಮ್ಮೆ. ತಲೆನೋವು ಮಾತ್ರೆಗೂ ಬಗ್ಗದೆ ಉಳಿದಿದ್ದರೆ ಆ ವ್ಯಕ್ತಿ ಫಾಲೂಟ್ ಕಡೆ ಹೆಜ್ಜೆ ಹಾಕಬಾರದು, ಗುರ್ದುಮ್ ದಾರಿಯಲ್ಲೋ ವಾಹನದಲ್ಲೋ ಇಳಿಯಬೇಕು. ಮದ್ಯ, ನಿದ್ದೆ ಮಾತ್ರೆ ಎರಡೂ ಅಲ್ಲಿ ಬೇಡ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಯ್ಯಬಹುದು, ಆದರೆ ತಣ್ಣಗಿನ ಬೆರಳಿನಲ್ಲಿ ಅದು ತಪ್ಪು ತೋರಿಸುತ್ತದೆ. ಅಂಕಿ ಚೆನ್ನಾಗಿದೆ ಎಂದು ಲಕ್ಷಣಗಳನ್ನು ಕಡೆಗಣಿಸಬೇಡಿ.

ವೈಟ್‌ಫೀಲ್ಡ್ ನಿವಾಸಿ

ಎರಡೇ ದಿನಕ್ಕೆ ಹೋಗಿ ಬರುವವರಿಗೆ ಜೀಪು ತಪ್ಪಲ್ಲ ಎಂಬ ನನ್ನ ಮಾತನ್ನು ಬದಲಿಸುವುದಿಲ್ಲ. ಆದರೆ ಮುಂದೆ ಫಾಲೂಟ್ ಇರುವಾಗ ನಡೆದು ಏರುವುದೇ ಸರಿ ಎಂಬುದನ್ನು ಒಪ್ಪುತ್ತೇನೆ. ಗೋರ್ಖೆ ಬಗ್ಗೆ ಒಂದು ಮಾತು ಸೇರಿಸಲೇ? ಫಾಲೂಟ್‌ನಿಂದ 1,200 ಮೀಟರಿಗೂ ಹೆಚ್ಚು ಇಳಿಯುವ ಆ ದಿನ ಮಂಡಿಗಳಿಗೆ ಕಠಿಣ, ಚಿಕ್ಕಪ್ಪನವರಿಗೆ ಊರುಗೋಲು ಎರಡೂ ಕೈಗೆ ಇರಲಿ. ಆ ಕಾಡಿನಲ್ಲಿ ಕೆಂಪು ಪಾಂಡಾ ಇದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಗದ್ದಲಕ್ಕೆ ಅದು ಕಾಣಿಸಿಕೊಳ್ಳಲಿಲ್ಲ.

ಮಲ್ಲೇಶ್ವರದ ಹಳೆಯ ಚಾರಣಿಗ

ಟಿಕೆಟ್ ಮಾಡಿಸುವ ಮುನ್ನ ಕೊನೆಯ ಸೂಚನೆ. ಭಾನುವಾರದ ವಿಮಾನವನ್ನು ಮಧ್ಯಾಹ್ನದ ಮೇಲಿನದನ್ನೇ ನೋಡಿ, ಶನಿವಾರಕ್ಕೆ ಎಂದೂ ತರಬೇಡಿ. ಬುಧವಾರ ಹವೆ ಕೆಟ್ಟು ಸಂದಕ್‌ಫುವಿನಲ್ಲೇ ಒಂದು ದಿನ ಉಳಿಯಬೇಕಾಗಿ ಬಂದರೆ, ಗುರುವಾರ ಫಾಲೂಟ್, ಶುಕ್ರವಾರ ಗೋರ್ಖೆ, ಶನಿವಾರ ಸೇಪಿ ತಲುಪಿ, ಭಾನುವಾರ ನಸುಕಿನಲ್ಲೇ ಹೊರಟರೂ ವಿಮಾನ ಸಿಗುವಷ್ಟು ಸಮಯ ಇರಬೇಕು. ಎರಡನೆಯ ದಿನವೂ ಹವೆ ತಿಳಿಯಾಗದಿದ್ದರೆ ಫಾಲೂಟ್ ಬಿಟ್ಟು ಗುರ್ದುಮ್ ಕಡೆ ಇಳಿಯುವುದೆಂದು ಈಗಲೇ ಐವರೂ ಒಪ್ಪಿಕೊಳ್ಳಿ, ಮಾರ್ಗದರ್ಶಕರಿಗೂ ಮೊದಲ ದಿನವೇ ತಿಳಿಸಿ. ರೈಲಿನಲ್ಲಿ ಹೋಗುವ ಯೋಚನೆ ಇದ್ದರೆ ಗುವಾಹಟಿ ಕಡೆಯ ರೈಲಿನಲ್ಲಿ ನ್ಯೂ ಜಲ್ಪಾಯ್‌ಗುರಿಗೆ ಎರಡು ರಾತ್ರಿಯ ಪಯಣ. ಆಗ ನಿಮ್ಮ ಐದು ದಿನದ ರಜೆ ಸಾಲುವುದಿಲ್ಲ.